ಉಪ್ಪಾಗೆಯ ಮಳೆಗಾಲ

ಸಂಡೂರಿನವನಾದ ನನಗೆ ಬಹುಕಾಲ ಕಾಡಿನ ಹಣ್ಣೆಂದರೆ ಸೀತಾಫಲವೊಂದೇ ಆಗಿದ್ದಿತು. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ, ಗುಡ್ಡದ ಇಳಿಜಾರಿನಲ್ಲಿ ತಾನೇ ತಾನಾಗಿ ಬೆಳೆದ ಗಿಡಗಳಿಂದ ಬಿಡಿಸಿ ಹೆಂಗಸರು ಬುಟ್ಟಿಗಳಲ್ಲಿ ಹೊತ್ತು ತರುತ್ತಿದ್ದ ಆ ಹಣ್ಣು ಬಿಸಿಲನ್ನೂ ಕಲ್ಲನ್ನೂ ಸಹಿಸಿ ಬಾಳುವ ಸಸ್ಯದ್ದು. ಹೀಗಿರುವಲ್ಲಿ, ಎಪ್ಪತ್ತರ ದಶಕದ ಕೊನೆಯಲ್ಲಿ ಉಪಾಧ್ಯಾಯ ವೃತ್ತಿಯ ನಿಮಿತ್ತ ಉತ್ತರ ಕನ್ನಡದ ಸಿದ್ದಾಪುರ ಸೀಮೆಗೆ ಹೋದ ನಾನು, ಆರಿದ್ರೆ ಮಳೆ ಹಗಲಿರುಳೆನ್ನದೆ ಹೊಯ್ಯುವ ಕಾಲದಲ್ಲಿಯೇ ಹಣ್ಣಾಗುವ ಮರವೊಂದು ಅಲ್ಲಿನ ಕಾನಿನಲ್ಲಿದೆಯೆಂದೂ, ಆ ಹಣ್ಣನ್ನು ಆ ಮಳೆಯಲ್ಲಿಯೇ ಒಣಗಿಸಬೇಕೆಂದೂ ಕೇಳಿ, ಇದು ಹೊಸ ಮಾಸ್ತರನನ್ನು ಪರೀಕ್ಷಿಸಲು ಕಟ್ಟಿದ ಕಥೆಯಿರಬೇಕೆಂದೇ ಭಾವಿಸಿದ್ದೆನು.

ಮರದ ಹೆಸರು ಉಪ್ಪಾಗೆ. ಮುರುಗಲಿನ ದಾಯಾದಿ, ನಿತ್ಯಹರಿದ್ವರ್ಣದ ಕಾನಿನಲ್ಲಿಯೂ, ಅಡಿಕೆ ತೋಟಿಗರ ಸೊಪ್ಪಿನ ಬೆಟ್ಟದಲ್ಲಿಯೂ, ಹಳ್ಳದ ಅಂಚುಗಳಲ್ಲಿಯೂ ಬೆಳೆಯುತ್ತದೆ. ಹಣ್ಣು ಅಂಗೈಯಲ್ಲಿ ಹಿಡಿಸುವಷ್ಟು ಕಿರಿದಾದ ಒಂದು ಸಿಹಿಗುಂಬಳವೆನ್ನಬಹುದು. ಮೇಲಿನಿಂದ ಕೆಳಗಿನವರೆಗೆ ಆಳವಾದ ಗೆರೆಗಳು, ಮಾಗಿದಾಗ ಹಳದಿ ಬಣ್ಣ. ಒಡೆದರೆ ಬೀಜಗಳ ಸುತ್ತ ಸಿಹಿಹುಳಿಯಾದ ತೆಳು ತಿರುಳು. ಸಿಪ್ಪೆಯೋ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಗಂಡು ಮರ ಬೇರೆ, ಹೆಣ್ಣು ಮರ ಬೇರೆಯಾಗಿರುವುದೇ ಹೆಚ್ಚು. ಬೀಜದಿಂದ ಎದ್ದ ಸಸಿ ಯಾವುದಾಗುವುದೆಂಬುದು ಅದು ಹೂ ಬಿಡುವ ತನಕ, ಎಂದರೆ ಅನೇಕ ವರ್ಷಗಳ ತನಕ, ನೆಟ್ಟವನಿಗೂ ತಿಳಿಯದು. ಆದಕಾರಣ ಅದನ್ನು ನೆಡುವ ಗೋಜಿಗೇ ಯಾರೂ ಹೋಗುತ್ತಿರಲಿಲ್ಲ. ಮಂಗಗಳೂ ಸಿಂಗಳೀಕಗಳೂ ತಿಂದು ಉಗುಳಿದ ಬೀಜಗಳೇ ಮುಂದಿನ ಪೀಳಿಗೆಯ ಮರಗಳಾಗುತ್ತಿದ್ದವು.

ನಾನು ಬಾಡಿಗೆಗಿದ್ದ ಮನೆಯ ಅಜ್ಜಿಗೆ ಉಪ್ಪಾಗೆಯಿಂದ ಬೇಕಾದುದು ಸಿಪ್ಪೆಗಿಂತ ಹೆಚ್ಚಾಗಿ ಬೀಜ. ಮಾಗಿ ಬಿದ್ದ ಹಣ್ಣನ್ನು ಆರಿಸಿ ತಂದು, ಸಿಪ್ಪೆಯನ್ನು ಒಲೆಯ ಮೇಲಣ ಅಟ್ಟದಲ್ಲಿ ಹೊಗೆಗೆ ಹಾಕಿ ಮನೆಯ ಹುಳಿಗೆಂದು ತೆಗೆದಿರಿಸಿ, ಬೀಜಗಳನ್ನು ಒಣಗಿಸಿ ಜಜ್ಜಿ ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಆರಿಸಿದರೆ ಅದು ಬೆಣ್ಣೆಯಂತೆ ಗಟ್ಟಿಯಾಗುತ್ತಿತ್ತು. ಅದೇ ಉಪ್ಪಾಗೆ ತುಪ್ಪ. ಮಳೆಗಾಲದ ಬೆಳಗಿನಲ್ಲಿ ಬಿಸಿ ದೋಸೆಯ ಮೇಲೆ ಅದನ್ನು ಸವರಿ, “ತಿನ್ನಿ ಮಾಸ್ತರೇ, ನಿಮ್ಮ ಬಳ್ಳಾರಿಯಲ್ಲಿ ಇದು ಸಿಗೂದಿಲ್ಲ” ಎಂದು ಅವರು ಬಡಿಸುತ್ತಿದ್ದರು. ಪೇಟೆಗೆ ಹೋಗುತ್ತಿದ್ದ ಸಿಪ್ಪೆ ಅಲ್ಪ. ಮೀನಿನ ಸಾರಿಗೆ ಆ ಹುಳಿಯೇ ಬೇಕೆನ್ನುವ ಕೇರಳದವರು ಅದರ ಮುಖ್ಯ ಗಿರಾಕಿಗಳಾಗಿದ್ದರು. ಕೊಡಗಿನಲ್ಲಿ ಇದೇ ಹಣ್ಣಿನ ರಸವನ್ನು ಕುದಿಸಿ ಕಪ್ಪಗೆ ಇಳಿಸಿದ ಕಾಚಂಪುಳಿಯಿಲ್ಲದೆ ಹಂದಿಮಾಂಸದ ಅಡುಗೆ ನಡೆಯದೆಂಬುದನ್ನು ಆಮೇಲೆ ಕೇಳಿ ತಿಳಿದೆನು.

ಈ ಶಾಂತ ವ್ಯವಹಾರವನ್ನು ಕದಡಿದ ಸಂಗತಿಯ ಬೀಜವೂ ಕರ್ನಾಟಕದಲ್ಲಿಯೇ ಇತ್ತೆಂಬುದು ವಿಚಿತ್ರ. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು, ಈ ಸಿಪ್ಪೆಯ ಪ್ರಧಾನ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಪ್ರಕಟಿಸಿದರು. ದೇಹದಲ್ಲಿ ಕೊಬ್ಬು ಕಟ್ಟುವ ಕ್ರಿಯೆಗೆ ಆ ಆಮ್ಲವು ತಡೆಯೊಡ್ಡುತ್ತದೆಂಬುದು ಪ್ರಯೋಗಶಾಲೆಗಳಲ್ಲಿ ಕಂಡುಬಂದ ಮೇಲೆ, ಉಂಡದ್ದನ್ನು ಕರಗಿಸಿಕೊಳ್ಳಲು ಗುಳಿಗೆ ಹುಡುಕುವ ಶ್ರೀಮಂತ ದೇಶಗಳ ಜನ ಅದರ ಮೇಲೆ ಮುಗಿಬಿದ್ದರು. ತೊಂಬತ್ತರ ದಶಕದಲ್ಲಿ ಶಿರಸಿ ಕುಮಟೆಗಳ ವ್ಯಾಪಾರಿಗಳು ಒಣಸಿಪ್ಪೆಯ ಧಾರಣೆಯನ್ನು ವರ್ಷದಿಂದ ವರ್ಷಕ್ಕೆ ಏರಿಸಿ ಹೇಳತೊಡಗಿದಾಗ, ಅಮೆರಿಕದ ಬೊಜ್ಜಿಗೂ ಸಿದ್ದಾಪುರದ ಕಾನಿಗೂ ಸಂಬಂಧವೇನೆಂದು ನಮ್ಮೂರಿನವರು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಅವರಿಗಿರಲಿಲ್ಲ. ಕೂಲಿಯಿಲ್ಲದ ಮಳೆಗಾಲದಲ್ಲಿ ಕೈಗೆ ದುಡ್ಡು ಬಂದಿತ್ತು. ಶಾಲೆಯ ಮಕ್ಕಳಿಗೆ ಹೊಸ ಕೊಡೆಗಳು ಬಂದವು. ಹಾಜರಿ ಮಾತ್ರ ಇಳಿಯಿತು, ಏಕೆಂದರೆ ಮರ ಹತ್ತಲು ಹಗುರ ದೇಹದವರೇ ಬೇಕು.

ಕಾನು ಸರ್ಕಾರದ್ದು, ಹಣ್ಣು ಸಂಗ್ರಹಿಸುವ ಹಕ್ಕನ್ನು ಗುತ್ತಿಗೆ ಹಿಡಿದವನು ಒಬ್ಬ, ಕೊಯ್ಯುವವರು ನೂರು ಜನ. ಹಣ್ಣು ಮಾಗಿ ಬೀಳುವ ತನಕ ಕಾಯುವ ಹಳೆಯ ಕ್ರಮ ಒಂದೆರಡು ಮಳೆಗಾಲಗಳಲ್ಲಿಯೇ ಮುರಿದುಬಿತ್ತು. ಆಷಾಢಕ್ಕೆ ಕೊಯ್ಯುತ್ತಿದ್ದುದು ಜ್ಯೇಷ್ಠಕ್ಕೆ ಬಂದಿತು. ದೋಟಿಗೆ ನಿಲುಕದ ಕೊಂಬೆಯನ್ನು ಕತ್ತಿಯಿಂದ ಕಡಿದು ಕೆಳಗೆ ಕೆಡವಿ ಕೊಯ್ಯುವುದೂ ನಡೆಯಿತು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಹಸುರು ಕಾಯಿಗಳ ಚೀಲ ಹೊತ್ತು ಎದುರಾದಾಗ, ಇನ್ನು ಹದಿನೈದು ದಿನ ಬಿಡಬಾರದಿತ್ತೇ ಎಂದೆ. “ನಾ ಬಿಟ್ರೆ ನಾಳೆ ಮತ್ತೊಬ್ಬ ಕೊಯ್ತಾನೆ ಮಾಸ್ತರೇ. ಹಣ್ಣಾಗೂವರೆಗೆ ಕಾದವನಿಗೆ ತೊಟ್ಟೂ ಸಿಗೂದಿಲ್ಲ” ಎಂದು ಆತ ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆತನು ದುರಾಶೆಯವನಲ್ಲ, ಲೆಕ್ಕ ಬಲ್ಲವನು.

ಕೊಯ್ಲಿಗಿಂತಲೂ ಒಣಗಿಸುವಿಕೆಯೇ ಕಾಡನ್ನು ಹೆಚ್ಚು ತಿಂದಿತೆಂಬುದು ನನ್ನ ಅಭಿಪ್ರಾಯ. ಅಟ್ಟದ ಹೊಗೆ ಮನೆಖರ್ಚಿನ ಸಿಪ್ಪೆಗೆ ಸಾಕು. ಚೀಲಗಟ್ಟಲೆ ಮಾಲಿಗೆ ಸಾಲದು. ಹಿತ್ತಿಲಲ್ಲಿ ಚಪ್ಪರ ಹಾಕಿ, ಸುತ್ತಲೂ ತಟ್ಟಿ ಕಟ್ಟಿ, ಬಿದಿರಿನ ತಡಿಕೆಯ ಮೇಲೆ ಸಿಪ್ಪೆ ಹರವಿ, ಕೆಳಗೆ ಹಗಲೂ ರಾತ್ರಿ ಬೆಂಕಿ. ಅಂಥ ಚಪ್ಪರವೊಂದರೊಳಗೆ ಒಂದು ರಾತ್ರಿ ಕುಳಿತಿದ್ದೆ: ಹುಳಿಯ ಘಾಟು ಮೂಗಿಗೇರಿ ಕಣ್ಣು ಬಿಡಲಾಗದು, ಒಬ್ಬಾಕೆ ಸಿಪ್ಪೆಗಳನ್ನು ಕೈಯಿಂದ ಮಗುಚುತ್ತಿದ್ದಳು, ಆ ರಸ ತಾಗಿ ತಾಗಿ ಆಕೆಯ ಬೆರಳ ಸಂದುಗಳು ಬಿರಿದಿದ್ದವು, ಗಂಡ ಹಸಿ ಕಟ್ಟಿಗೆಯನ್ನೇ ಉರಿಗೆ ನೂಕುತ್ತಿದ್ದ, ಏಕೆಂದರೆ ಒಣ ಕಟ್ಟಿಗೆ ಶ್ರಾವಣಕ್ಕೆ ಮೊದಲೇ ತೀರಿಹೋಗಿತ್ತು. ಮುಂದೆ ಕಡಿಮೆ ಕಟ್ಟಿಗೆ ಬೇಡುವ ಸುಧಾರಿತ ಒಲೆಗಳು ಬಂದವು. ಅವು ಬಂದುದು ಮಾಲಿನ ಭರಾಟೆ ಇಳಿದ ಮೇಲೆ.

ಇಳಿಯಲು ಬಹುಕಾಲ ಬೇಕಾಗಲಿಲ್ಲ. 1998ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ, 135 ಮಂದಿಯ ಮೇಲೆ 12 ವಾರಗಳ ಕಾಲ ನಡೆದ ಪರೀಕ್ಷೆಯೊಂದರ ಫಲ ಪ್ರಕಟವಾಯಿತು: ಈ ಆಮ್ಲವನ್ನು ಸೇವಿಸಿದವರಿಗೂ ಹುಸಿಗುಳಿಗೆ ನುಂಗಿದವರಿಗೂ ತೂಕದ ಇಳಿಕೆಯಲ್ಲಿ ಗಣನೀಯ ಅಂತರವೇ ಇಲ್ಲವೆಂದು. ಗುಳಿಗೆಯ ಮಾರಾಟ ಅಷ್ಟಕ್ಕೇ ನಿಲ್ಲಲಿಲ್ಲ, ಈಗಲೂ ನಡೆದಿದೆ. ಆದರೆ ನಮ್ಮ ಕಡೆ ಧಾರಣೆ ಬಿದ್ದು, ಮಾರಾಟವಾಗದ ಸಿಪ್ಪೆ ಮೂಟೆಗಳಲ್ಲಿ ಬೂಸಲು ಹಿಡಿದುದನ್ನು ಕಂಡಿದ್ದೇನೆ. ಬೀಜ ಬಲಿಯುವ ಮುನ್ನವೇ ಕೊಯ್ದ ವರ್ಷಗಳಲ್ಲಿ ಹುಟ್ಟಬೇಕಾಗಿದ್ದ ಸಸಿಗಳು ಹುಟ್ಟಲಿಲ್ಲವೆಂಬುದನ್ನು ಯಾವ ಮೂಟೆಯ ಲೆಕ್ಕದಲ್ಲಿಯೂ ಬರೆದಿರಲಿಲ್ಲ.

ನಿವೃತ್ತನಾಗಿ ಸಂಡೂರಿಗೆ ಮರಳಿದಾಗ ಇಲ್ಲಿ ಬೇರೊಂದು ಧಾರಣೆ ಏರುತ್ತಿತ್ತು. ಚೀನಾದ ಉಕ್ಕಿನ ಕುಲುಮೆಗಳಿಗೆ ಅದಿರು ಸಾಗಿಸುವ ಲಾರಿಗಳ ಸಾಲು ಹೊಸಪೇಟೆಯ ದಾರಿಯಲ್ಲಿ ಕಡಿಯದೆ ನಿಂತಿರುತ್ತಿತ್ತು; ಸೀತಾಫಲದ ಎಲೆಗಳ ಮೇಲೆ ಕೆಂಪು ದೂಳು ಕುಳಿತು ಗಿಡವಾವುದು ಮಣ್ಣಾವುದೆಂದು ತಿಳಿಯುತ್ತಿರಲಿಲ್ಲ; ಹೊಲದಲ್ಲಿ ಜೋಳ ಬಿತ್ತುವವರೇ ಮೇಲ್ಮಣ್ಣು ಕೆದಕಿ ಅದಿರು ಆರಿಸಿ ಮಾರಿದರು. ಕೇಳಿದರೆ, ನಾವು ಬಿಟ್ಟರೆ ಬೇರೆಯವರು ಅಗೆಯುತ್ತಾರೆಂಬ ಉತ್ತರ. ಅದನ್ನು ನಾನು ಮೊದಲೇ ಕೇಳಿದ್ದೆನು. ಒಂದು ಭೇದವುಂಟು: ಅದಿರು ಮತ್ತೆ ಕಾಯಿ ಬಿಡುವುದಿಲ್ಲ. 2011ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಅದೇ ವರ್ಷ ಅಘನಾಶಿನಿ ಕಣಿವೆಯ ಕಾಡು, ಸಿಂಹಬಾಲದ ಸಿಂಗಳೀಕಗಳ ಹೆಸರಿನಲ್ಲಿ, ಸಂರಕ್ಷಣಾ ಮೀಸಲೆಂದು ಘೋಷಿತವಾಯಿತು; ಉಪ್ಪಾಗೆಯನ್ನು ಬಿತ್ತುವವರಿಗೆ ಒಂದು ನೆಲೆಯಾಯಿತೆಂದು ನಾನಂತೂ ಸಂತೋಷಪಟ್ಟೆನು.

ಈಗ ಉಪ್ಪಾಗೆಯನ್ನು ನೆಡುವವರೂ ಇದ್ದಾರೆ. ಹೆಣ್ಣು ಮರದ ಕುಡಿಯನ್ನು ಕಸಿ ಮಾಡಿದರೆ ಗಂಡೋ ಹೆಣ್ಣೋ ಎಂಬ ಸಂದೇಹವಿಲ್ಲ. ಗಿಡ ಕುಳ್ಳಾಗಿರುವಾಗಲೇ ಫಲ ಬಿಡುತ್ತದೆ, ಏಣಿಯೂ ಬೇಡ ಕತ್ತಿಯೂ ಬೇಡ. ಹಸುರು ಕಾಯಿಯ ಚೀಲ ಹೊತ್ತು ಎದುರಾಗಿದ್ದವನ ಮಗ ತನ್ನ ತೋಟದ ಅಂಚಿಗೆ ಅಂಥ ಕಸಿಗಿಡಗಳನ್ನು ಹಾಕಿದ್ದಾನೆ. ತನ್ನ ಮರವಾದ್ದರಿಂದ ಹಣ್ಣಾಗುವ ತನಕ ಕಾಯುತ್ತಾನೆ, ಬೀಜದಿಂದ ತುಪ್ಪವನ್ನೂ ತೆಗೆಸುತ್ತಾನೆ. ಸಂಡೂರಿಗೂ ನಾಲ್ಕು ಗಿಡ ಕಳುಹಿಸಲೇ ಎಂದು ಕಳೆದ ವರ್ಷ ಫೋನಿನಲ್ಲಿ ಕೇಳಿದ. ನಿಮ್ಮಲ್ಲಿ ಬೀಳುವ ಮಳೆಯ ಮೂರನೆಯ ಒಂದು ಪಾಲೂ ಇಲ್ಲಿ ಬೀಳುವುದಿಲ್ಲಪ್ಪಾ, ಗಿಡ ಬೇಡ, ಒಂದು ಡಬ್ಬಿ ತುಪ್ಪ ಕಳುಹಿಸು ಎಂದೆ.