ಹೊಳವಾದ ಮೇಲೆ

ಕಪ್ಪೆ ನೋಡಲು ಮಲೆನಾಡಿಗೆ ಹೊರಡುವ ಬೆಂಗಳೂರಿನ ಗೆಳೆಯರು ಫೋನಿನಲ್ಲಿ ಮೊದಲು ಕೇಳುವುದೇ, "ಏನಪ್ಪಾ, ಜೋರು ಮಳೆ ಇದ್ಯಾ?" ಇದೆ ಎಂದರೆ ಹಿಗ್ಗುತ್ತಾರೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಆಗುಂಬೆಯಲ್ಲಿ, ಆರಿದ್ರಾ ಮಳೆ ಹಿಡಿದಾಗ ಪಕ್ಕದಲ್ಲಿ ನಿಂತವರ ಮಾತೇ ಕೇಳಿಸದು. ಹೆಬ್ಬೆರಳ ಉಗುರಿನಷ್ಟಿರುವ ಪೊದೆಗಪ್ಪೆ ಆ ಗದ್ದಲದಲ್ಲಿ ಕೂಗಿ ಯಾವ ಹೆಣ್ಣನ್ನು ಕರೆದೀತು? ಅಂಥ ರಾತ್ರಿ ಕಾಡಿಗೆ ಹೋದವರಿಗೆ ಧಾರಾಳವಾಗಿ ಸಿಗುವುದು ಉಂಬಳ.

ಗದ್ದೆಯ ದೊಡ್ಡ ಗೋಂಕರು ಕಪ್ಪೆಗಳದು ಬೇರೆ ಲೆಕ್ಕ. ಮುಂಗಾರಿನ ಮೊದಲ ದೊಡ್ಡ ಮಳೆಗೆ ನೀರು ನಿಂತಿತೋ, ಅವುಗಳ ಸಂತೆ ನೆರೆಯಿತೆಂದೇ ತಿಳಿಯಿರಿ. ಗಂಡಿನ ಮೈ ನಿಂಬೆಹಳದಿಗೆ ತಿರುಗಿ, ಗಂಟಲ ಇಕ್ಕೆಲದ ಚೀಲಗಳು ನೀಲಿಯಾಗಿ ಉಬ್ಬುತ್ತವೆ. ಕೆಲವು ದಿನ ತಡಮಾಡಿದರೆ ಆ ಬಣ್ಣ ನೋಡಲು ಮುಂದಿನ ವರ್ಷವೇ ಗತಿ. ಹಾರುವ ಕಪ್ಪೆಯಂತೂ ಮಳೆಯನ್ನು ನಂಬಿಯೇ ಸಂಸಾರ ಹೂಡುತ್ತದೆ: ಹೊಂಡದ ಮೇಲಿನ ಕೊಂಬೆಯಲ್ಲಿ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಮರಿಗಳು ಮುಂದೆ ನೊರೆ ಕರಗಿ ಕೆಳಗಿನ ನೀರಿಗೆ ಬೀಳಬೇಕು.

ನನಗೆ ಅಚ್ಚುಮೆಚ್ಚಿನದು ಮಾತ್ರ ಸಂಜೆಯವರೆಗೆ ಹೊಯ್ದು ಹೊಳವಾದ ರಾತ್ರಿ. ಗಾಳಿ ಇರಕೂಡದು, ಚರ್ಮದಿಂದಲೂ ಉಸಿರಾಡುವ ಜೀವಕ್ಕೆ ಮೈ ಒಣಗಿಸುವ ಗಾಳಿ ಆಗಿಬರುವುದಿಲ್ಲ. ಎಲೆಗಳಿಂದ ತಟತಟ ಹನಿ ಉದುರುತ್ತಿರುವಾಗಲೇ ಪೊದೆಯೊಳಗಿಂದ ಒಂದು 'ಟಿಕ್'. ಆಚೆಯಿಂದ ಇನ್ನೊಂದು. ಟಾರ್ಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಮೆಲ್ಲಗೆ ಹೊರಳಿಸಬೇಕು. ಎಲೆಯ ಅಂಚಿನಲ್ಲಿ ಕೂತ ಗಂಡಿನ ಗಂಟಲ ಚೀಲ ಉಬ್ಬಿ ಉಬ್ಬಿ ತಲೆಗಿಂತ ದೊಡ್ಡದಾಗುತ್ತದೆ, ಬೆಳಕು ಅದರೊಳಗಿಂದ ಹಾಯುತ್ತದೆ. ಈ ಕುಲಕ್ಕೆ ಹೊಂಡವೂ ಬೇಡ, ಕೆರೆಯೂ ಬೇಡ. ಗೊದಮೊಟ್ಟೆಯ ಹಂತವೇ ಇಲ್ಲದೆ ಮೊಟ್ಟೆಯಿಂದ ನೇರ ಪುಟಾಣಿ ಕಪ್ಪೆಯೇ ಹೊರಬರುತ್ತದೆ. ಸುತ್ತ ತೇವವಿದ್ದರೆ ಸಾಕು. ಮುಟ್ಟುವ ಚಪಲ ಬೇಡ, ಅದರಲ್ಲೂ ಸೊಳ್ಳೆಯ ಮುಲಾಮು ಬಳಿದ ಕೈಯಿಂದ. ಪಕ್ಕದ ಕೊಂಬೆ ಹಿಡಿಯುವ ಮುನ್ನ ಅಲ್ಲೊಮ್ಮೆ ಬೆಳಕು ಬಿಡಿ: ಕಪ್ಪೆಗೆ ಹೊಂಚುಹಾಕಿ ಗುಳಿಮಂಡಲವೂ ಇದೇ ಹೊತ್ತಿಗೆ ಕೂತಿರುತ್ತದೆ.

ಮಳೆಗಾಲ ಮುಗಿಯಿತೆಂದು ಕೊಡೆ ಮಡಚುವವರಿಗೆ ಕುಣಿಯುವ ಕಪ್ಪೆ ತಪ್ಪಿಹೋಗುತ್ತದೆ. ಕೊಟ್ಟಿಗೆಹಾರದ ಹೆಸರು ಹೊತ್ತ ಒಂದು ಜಾತಿಯೂ ಇವುಗಳಲ್ಲಿದೆ. ಮೊಟ್ಟೆಯನ್ನು ತೊರೆಯ ತಳದಲ್ಲೇ ಹೂಳುವ ಬಳಗವಿದು. ನೀರಿನ ಆರ್ಭಟ ಇಳಿಯುವವರೆಗೆ ಕಾಯದೆ ವಿಧಿಯಿಲ್ಲ. ಆಮೇಲೆ ಹಾಡುಹಗಲೇ ಒದ್ದೆಬಂಡೆಯ ಮೇಲೆ ಕೂತು, ಝರಿಯ ಸದ್ದಿನಲ್ಲಿ ಕೂಗು ಸಾಲದೆಂಬಂತೆ ಹಿಂಗಾಲು ಚಾಚಿ, ಬೆರಳಗಲಿಸಿ ಬೀಸುತ್ತದೆ. ನನ್ನ ಮಟ್ಟಿಗೆ ಇದರ ಮುಂದೆ ನವಿಲಿನದು ಸ್ವಲ್ಪ ಅತಿಯಾಯಿತು.

ತೇಜಸ್ವಿಯವರ 'ಕರ್ವಾಲೋ' ಓದಿದವರು ಹಾರುವ ಓತಿಯನ್ನೂ ಜುಲೈನಲ್ಲೇ ಕೇಳುತ್ತಾರೆ. ಬಿಸಿಲಿಗೆ ಮೈಯೊಡ್ಡದೆ ಅದರ ರಕ್ತಕ್ಕೆ ಕಾವಿಲ್ಲ. ಬೇಸಿಗೆಯ ಬೆಳಗ್ಗೆ ಅಡಿಕೆ ತೋಟಕ್ಕೆ ಬಿಸಿಲು ಇಳಿದ ಮೇಲೆ ಕತ್ತೆತ್ತಿ ಕಾದರೆ, ಮರದ ತೊಗಟೆಯಿಂದ ಹಳದಿ ಗಂಟಲಪಟ್ಟಿಯೊಂದು ಚಕ್ಕನೆ ಬಿಚ್ಚಿ ಮಡಚುತ್ತದೆ. ಮೋಡ ಕವಿಯಿತೋ, ಓತಿ ಯಾವುದು ತೊಗಟೆ ಯಾವುದು ಹೇಳಲಾಗದು. ದುರ್ಬೀನು ಹಿಡಿದ ನಮಗಿಂತ ಮರದಿಂದ ಮರಕ್ಕೆ ಜಿಗಿಯುವ ಕೊನೆಗೌಡನಿಗೇ ಅದರ ಪರಿಚಯ ಹೆಚ್ಚು.