ಪಾಲಾಗದ ಕಂಬಗಳು

ಡೆಂಕಣಿಕೋಟೆಯ ನಮ್ಮ ಹಳೆಯ ತೊಟ್ಟಿ ಮನೆಯನ್ನು ಪಾಲು ಮಾಡೋಣವೆಂದು ತಮ್ಮನು ಕೇಳಿದಾಗ ನಾನು ಹೆಚ್ಚು ಯೋಚಿಸದೆ ಒಪ್ಪಿದೆ. ಅವನ ಮಗಳ ಕಾಲೇಜಿನ ಶುಲ್ಕಕ್ಕೆ ಹಣ ಬೇಕಾಗಿತ್ತು. ವರ್ಷಗಳಿಂದ ಅನ್ಯರ ವಿಭಾಗಪತ್ರಗಳನ್ನು ಬರೆದ ಕೈ ನನ್ನದು. ಹಾಳೆಯ ಮೇಲೆ ತೊಟ್ಟಿಯ ನಡುವೆ ಒಂದು ಗೆರೆ ಎಳೆದೆ: ಮೂಡಣ ಭಾಗ ಅವನಿಗೆ, ಪಡುವಣ ಭಾಗ ನನಗೆ, ಹನ್ನೆರಡು ಮರದ ಕಂಬಗಳಲ್ಲಿ ಆರಾರು.

ಅಡ್ಡಗೋಡೆ ಎಬ್ಬಿಸುವ ಮುನ್ನ ಕರೆಸಿದ ವೃದ್ಧ ಬಡಗಿ ನನ್ನ ನಕ್ಷೆಯನ್ನು ನೋಡಿ, “ಸ್ವಾಮಿ, ಕಾಗದ ಪಾಲಾಗ್ತದೆ, ಮರ ಆಗೋದಿಲ್ಲ” ಎಂದರು. ಬಳಿಕ ಮೇಲಕ್ಕೆ ಕೈ ತೋರಿಸಿ ವಿವರಿಸಿದರು. ನಮ್ಮ ಮನೆಯ ಹೊರಗೋಡೆ ಮಣ್ಣಿನದಾದರೂ ತೊಟ್ಟಿಯ ಸುತ್ತಲಿನ ಚಾವಣಿಯನ್ನು ಹೊತ್ತಿರುವುದು ಮರವೇ. ಹೆಂಚಿನ ಭಾರ ಜಂತೆಗೆ, ಜಂತೆಯಿಂದ ತೊಲೆಗೆ, ತೊಲೆಯಿಂದ ಬೋದಿಗೆಯ ಮೂಲಕ ಕಂಬಕ್ಕೆ, ಕಂಬದಿಂದ ಅದರ ಕಾಲಡಿಯ ಕಲ್ಲಿಗೆ ಇಳಿಯುತ್ತದೆ. ಆ ಕಲ್ಲು ಬರಿಯ ಅಂದಕ್ಕಲ್ಲ. ನೆಲದ ತೇವವೂ ಗೆದ್ದಲೂ ಮರಕ್ಕೆ ಸುಲಭವಾಗಿ ಏರದಿರಲೆಂದು. ಮೂಲೆಗಳಲ್ಲಿ ತೊಲೆಗಳು ಒಂದನ್ನೊಂದು ಕಚ್ಚಿ ನಿಂತಿವೆ. ನಾನೆಳೆದ ಗೆರೆಯೋ ಬಡಗಣ, ತೆಂಕಣ ಬದಿಗಳ ತೊಲೆಗಳನ್ನು ನಟ್ಟನಡುವೆ ಕತ್ತರಿಸುತ್ತಿತ್ತು!

ಬೆಂಗಳೂರಿನ ಕೋಟೆಯ ಸಮೀಪದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆಯಿದೆ. ಹೈದರಾಲಿಯು 1781ರಲ್ಲಿ ಆರಂಭಿಸಿದ ಅದು 1791ರಲ್ಲಿ ಟಿಪ್ಪುವಿನ ಕಾಲದಲ್ಲಿ ಪೂರ್ಣಗೊಂಡಿತು. ಅಲ್ಲಿಯೂ ತೇಗದ ಕಂಬಗಳು ಕಲ್ಲಿನ ಪೀಠಗಳ ಮೇಲೆಯೇ ನಿಂತಿವೆ. ಅರಮನೆಗೂ ನಮ್ಮಂಥವರ ಮನೆಗೂ ಬಡಗಿಯ ವಿವೇಕ ಒಂದೇ. ನಮ್ಮ ಶಾಲೆಗಳ ಮಕ್ಕಳು ಅಲ್ಲಿಗೆ ಹೋದಾಗ ಬಣ್ಣದ ಚಿತ್ತಾರದೊಡನೆ ಕಂಬದ ಕಾಲನ್ನೂ ತಲೆಯನ್ನೂ ನೋಡಲಿ.

ಹೀಗೆ ಹಂಚಲಾಗದ ಆಸ್ತಿಗೆ ಕಾನೂನು ದಾರಿ ತೋರಿಸದೆ ಬಿಟ್ಟಿಲ್ಲ. ಮಾರಿ ಹಣ ಹಂಚುವುದೇ ಹೆಚ್ಚು ಹಿತವೆಂದು ಕಂಡರೆ, ಅರ್ಧ ಅಥವಾ ಅದಕ್ಕೂ ಮಿಗಿಲಾದ ಪಾಲುಳ್ಳವರ ಕೋರಿಕೆಯ ಮೇರೆಗೆ ನ್ಯಾಯಾಲಯವು ಮಾರಾಟಕ್ಕೆ ಆದೇಶಿಸಬಹುದೆಂದು 1893ರ ವಿಭಾಗ ಕಾಯಿದೆಯ 2ನೆಯ ಕಲಂ ಹೇಳುತ್ತದೆ. ಅನ್ಯರ ಮನೆಗಳಿಗಾಗಿ ಅದನ್ನು ಉಲ್ಲೇಖಿಸಿ ವಾದಿಸಿದ್ದೇನೆ. ನಮ್ಮ ಮನೆಯ ಸರದಿ ಬಂದಾಗ ಬಾಯಿ ಬರಲಿಲ್ಲ. ಮಾರಿದ ಮರುದಿನ ಕಂಬಗಳು ಕಿತ್ತು ಯಾವುದೋ ಹೋಟೆಲಿನ ಅಲಂಕಾರಕ್ಕೆ ಹೋಗುವುದನ್ನು ನಾನು ಬಲ್ಲೆ.

ಕೊನೆಗೆ ಹೊಸೂರಿನಲ್ಲಿ ಕೊಂಡಿದ್ದ ನಿವೇಶನವನ್ನು ನಾನೇ ಮಾರಿದೆ. ಅದರ ಹಣವನ್ನು ತಮ್ಮನಿಗೆ ಕೊಟ್ಟೆ. ಅವನು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದ. ಆದರೂ ಹಬ್ಬಕ್ಕೆ ಬಂದಾಗಲೆಲ್ಲ ಮೂಡಣ ಬದಿಯ ಕಂಬಕ್ಕೆ ಒರಗಿ ಕುಳಿತು, “ಈ ಆರು ನನ್ನವು, ಅಣ್ಣಾ” ಎನ್ನುತ್ತಾನೆ. ಇದುವರೆಗೆ ನಾನು ಆಕ್ಷೇಪಣೆ ಸಲ್ಲಿಸಿಲ್ಲ.