ಕಂಬಳಿ, ಕ್ಯಾನು, ಕಾರು: ಚಳ್ಳಕೆರೆ–ಮೊಳಕಾಲ್ಮುರು ಬಯಲಲ್ಲಿ ಎರಡು ರಾತ್ರಿ

ಲಾಂಗ್ ವೀಕೆಂಡ್ ಬಂತು ಅಂದ್ರೆ ಬೆಂಗಳೂರಿನ ಕಾರುಗಳೆಲ್ಲ ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಮೂತಿ ತಿರುಗಿಸ್ತವೆ. ಘಾಟಿ ತುಂಬ ಹಾರ್ನು, ಹೋಮ್‌ಸ್ಟೇ ತುಂಬ ಡಿಜೆ. ಕಾರಲ್ಲೇ ಅಡುಗೆ ಮಾಡಿ, ಕಾರಲ್ಲೇ ಮಲಗಿ, ರಾತ್ರಿ ನಕ್ಷತ್ರ ನೋಡ್ಬೇಕು ಅನ್ನೋ ಆಸೆ ಇರೋರಿಗೆ ನನ್ನ ಸಲಹೆಯೇ ಬೇರೆ. ತುಮಕೂರು ದಾಟಿ ಹಿರಿಯೂರಿಗೆ ಹೋಗಿ. ಅಲ್ಲಿ ಬಲಕ್ಕೆ ತಿರುಗಿ ಬಳ್ಳಾರಿ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿಯಿರಿ. ಬೆಂಗಳೂರಿನಿಂದ ಸುಮಾರು 200 ಕಿ.ಮೀ.ಗೆ ಚಳ್ಳಕೆರೆ. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋಗಿ ಹಾನಗಲ್ ಹತ್ರ ಬಲಕ್ಕೆ ಹೊರಳಿದ್ರೆ ಮೊಳಕಾಲ್ಮುರು.

ಇಲ್ಲಿ ಜಲಪಾತ ಇಲ್ಲ, ಕಾಫಿ ತೋಟ ಇಲ್ಲ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಇವೆ. ಶೇಂಗಾ ಹೊಲ, ಎಣ್ಣೆ ಮಿಲ್ಲು, ಬಂಡೆಗುಡ್ಡ, ಕುರಿ ಮಂದೆ, ಮತ್ತೆ ಕಣ್ಣು ಹಾಯಿಸಿದಷ್ಟೂ ಬಯಲು. ಆಕಾಶ ಪೂರ್ತಿ ಕಾಣುತ್ತೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆಯೂ ಹಿತ. ಆದ್ರೆ ಬಯಲುಸೀಮೆಯಲ್ಲಿ ಬೀಡು ಬಿಡೋಕೆ ಮಲೆನಾಡಿನ ಲಿಸ್ಟ್ ಕೆಲಸಕ್ಕೆ ಬರಲ್ಲ. ಇಲ್ಲಿನ ನೀರು, ಮುಳ್ಳು, ಗಾಳಿ ಮೂರಕ್ಕೂ ಬೇರೆ ತಯಾರಿ ಬೇಕು.

ಗಾಡಿ ಯಾವುದು?

ಯೂಟ್ಯೂಬಿನಲ್ಲಿ ಕಾಣೋ ಅಮೆರಿಕದ ಆರ್‌ವಿ, ಅಂದ್ರೆ ಅಡುಗೆಮನೆ, ಬಚ್ಚಲು ಎಲ್ಲ ಇರೋ ಬಸ್ಸಿನಂಥ ಮನೆ, ನಮ್ಮ ಹಳ್ಳಿ ರಸ್ತೆಗೆ ಹೊಂದಲ್ಲ. ಬಾಡಿಗೆಗೆ ಕ್ಯಾರವಾನ್ ಸಿಗ್ತವೆ, ಸರಿ. ಆದ್ರೆ ಸ್ವಂತ ಕಾರನ್ನೇ ಕತ್ತರಿಸಿ ಮನೆ ಮಾಡೋಕೆ ಹೊರಟ್ರೆ ಕಾನೂನು ಅಡ್ಡ ಬರುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿನ್ಯಾಸವನ್ನು ಮನಬಂದಂತೆ ಬದಲಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಹಿಂದಿನ ಸೀಟು ಮಡಚಿ, ಮೇಲೆ ಎತ್ತಿಡಬಹುದಾದ ಪ್ಲೈವುಡ್ ಹಲಗೆ, ಅದರ ಮೇಲೆ 3 ಇಂಚಿನ ಫೋಮ್ ಹಾಸಿಗೆ. ಸೋಮವಾರ ಬೆಳಿಗ್ಗೆ ಹಲಗೆ ತೆಗೆದ್ರೆ ಅದೇ ಕಾರಲ್ಲಿ ಆಫೀಸಿಗೆ ಹೋಗಬಹುದು.

ಎಲ್ಲಿ ನಿಲ್ಲಿಸೋದು?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಇಲ್ಲಿನ ಬಯಲು ನೋಡಿದ್ರೆ ಯಾರದ್ದೂ ಅಲ್ಲ ಅನ್ನಿಸುತ್ತೆ. ಹಾಗಿಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆ ಬಿಟ್ಟ ಕಾವಲುಗಳು ಇವು. ಅದರಲ್ಲಿ ಕುದಾಪುರ, ವರವು, ಉಳ್ಳಾರ್ತಿ ಸುತ್ತಿನ ಸಾವಿರಾರು ಎಕರೆ ಈಗ ವಿಜ್ಞಾನ ಸಂಸ್ಥೆಗಳದ್ದು. ಐಐಎಸ್‌ಸಿಗೆ 1,500 ಎಕರೆ, ಡಿಆರ್‌ಡಿಒಗೆ 4,290 ಎಕರೆ. ಇಸ್ರೋ ಮತ್ತು ಬಿಎಆರ್‌ಸಿಗೂ ಜಾಗ ಹೋಗಿದೆ. ಇಸ್ರೋದ ರೆಕ್ಕೆಯ ರಾಕೆಟ್ ಪುಷ್ಪಕ್ 2024ರ ಮಾರ್ಚ್ 22ರಂದು ಇಳಿದದ್ದು ಇಲ್ಲಿನ ರನ್‌ವೇ ಮೇಲೆಯೇ. ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟ ವಾಹನ, ತಾನೇ ದಾರಿ ಹುಡುಕಿ ಬಂದು ಇಳಿಯಿತು.

ಹಾಗಾಗಿ ಡ್ರೋನ್ ಮನೆಯಲ್ಲೇ ಬಿಡಿ. ಗೋಡೆ, ತಂತಿಬೇಲಿ ಕಂಡ ಕಡೆ ಕಾರು ನಿಲ್ಲಿಸಿ ಫೋಟೊ ತೆಗೀಬೇಡಿ. ಮ್ಯಾಪ್‌ನಲ್ಲಿ ಕಾಣೋ ಹಳೇ ಬಂಡಿದಾರಿ ಸೀದಾ ಕಾಂಪೌಂಡ್ ಗೋಡೆಗೆ ಹೋಗಿ ಮುಗೀಬಹುದು. ನಮಗಾದ್ರೆ ಅದು 10 ನಿಮಿಷದ ರಿವರ್ಸ್ ಗೇರು ಅಷ್ಟೆ. ಆ ದಾರಿಯಲ್ಲಿ ದಿನಾ ಕುರಿ ಹೊಡೀತಿದ್ದೋರಿಗೆ ಅದು ಮೇವು, ನೀರು, ಬದುಕು ಎಲ್ಲ ಸುತ್ತಿಬಳಸಿ ಹೋದಂತೆ. ಉಳಿದಿರೋ ಹುಲ್ಲುಗಾವಲು ಎಷ್ಟು ಅಮೂಲ್ಯ ಅಂತ ಇದರಿಂದಲೇ ಗೊತ್ತಾಗುತ್ತೆ. ಅದರ ಮೇಲೆ ಟೈರು ಓಡಿಸೋದು ಬೇಡ.

ಸುಲಭದ ದಾರಿ ಅಂದ್ರೆ ಕೊಯ್ಲಾದ ಹೊಲ ಹುಡುಕಿ, ಯಜಮಾನರನ್ನ ಕೇಳೋದು. ‘ಅಣ್ಣ, ಇವತ್ತೊಂದು ರಾತ್ರಿ ಗಾಡಿ ನಿಲ್ಲಿಸ್ಕೊಳ್ಳಲಾ?’ ಅಂದ್ರೆ ಹೆಚ್ಚಿನವರು ಬೇಡ ಅನ್ನಲ್ಲ. ಸಂಜೆ 5 ಗಂಟೆಯೊಳಗೇ ಕೇಳಿ. ಕತ್ತಲಾದ ಮೇಲೆ ಹೊಲದಲ್ಲಿ ಹೆಡ್‌ಲೈಟ್ ಕಂಡ್ರೆ ಯಾರಿಗಾದ್ರೂ ಅನುಮಾನ ಬರುತ್ತೆ.

ನೀರಿನ ಲೆಕ್ಕ

ಇಬ್ಬರಿಗೆ ಎರಡು ದಿನಕ್ಕೆ ಕುಡಿಯೋಕೆ 20 ಲೀಟರ್, ತೊಳೆಯೋಕೆ ಇನ್ನೊಂದು 20 ಲೀಟರ್. ಕೆಳಗೆ ನಲ್ಲಿ ಇರೋ ಕ್ಯಾನ್ ತಗೊಳ್ಳಿ. ಮಾಮೂಲಿ ಕ್ಯಾನ್ ಆದ್ರೆ ಯುಎಸ್‌ಬಿಯಲ್ಲಿ ಚಾರ್ಜ್ ಆಗೋ ಪುಟ್ಟ ಪಂಪ್ ಸಾಕು. ಸ್ನಾನಕ್ಕೆ ನನ್ನ ಮೆಚ್ಚಿನ ಸಾಧನ ಕ್ಯಾಂಪಿಂಗ್ ಅಂಗಡಿಯದ್ದಲ್ಲ, ಗೊಬ್ಬರದ ಅಂಗಡಿಯದ್ದು. ಗಿಡಕ್ಕೆ ಔಷಧಿ ಹೊಡೆಯೋ 5 ಲೀಟರಿನ ಪ್ರೆಷರ್ ಸ್ಪ್ರೇಯರ್ ಹೊಸದು ತನ್ನಿ. ನೀರು ತುಂಬಿ ಬಿಸಿಲಲ್ಲಿಟ್ರೆ ಸಂಜೆಗೆ ಬೆಚ್ಚಗಿರುತ್ತೆ, 5 ಲೀಟರಲ್ಲಿ ಇಡೀ ಸ್ನಾನ ಮುಗಿಯುತ್ತೆ.

ಕುಡಿಯೋ ನೀರಿನ ವಿಷಯದಲ್ಲಿ ಮಾತ್ರ ಹುಷಾರು. ಈ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವೇ ಇಲ್ಲದಿದ್ರೆ 1.5ರವರೆಗೆ ಅನ್ನೋದು ನಮ್ಮ ದೇಶದ ಮಾನದಂಡ. ಆನ್‌ಲೈನಲ್ಲಿ ಸಿಗೋ ಸ್ಟ್ರಾ ಫಿಲ್ಟರ್, ಯುವಿ ಬಾಟಲಿ ರೋಗಾಣುಗಳಿಗೆ ಸರಿ, ಫ್ಲೋರೈಡಿಗೆ ಪ್ರಯೋಜನವಿಲ್ಲ. ಕಾಯಿಸಿದ್ರಂತೂ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತೆ. ಊರೂರಲ್ಲಿ ನಾಣ್ಯ ಹಾಕಿದ್ರೆ ನೀರು ಬರೋ ಶುದ್ಧ ಕುಡಿಯುವ ನೀರಿನ ಘಟಕ ಇರುತ್ತೆ, ಅಲ್ಲಿ ಕ್ಯಾನ್ ತುಂಬಿಸಿ. ಜೇಬಲ್ಲಿ 5, 10 ರೂಪಾಯಿ ನಾಣ್ಯ ಇರಲಿ. ಸಾಲಿದ್ರೆ ಬಿಂದಿಗೆ ಹಿಡಿದು ನಿಂತವರು ಮೊದಲು. ಅವರಿಗೆ ಅದು ಮನೆಯ ನೀರು, ನಮಗೆ ಪಿಕ್ನಿಕ್ಕಿನ ನೀರು.

ಕರೆಂಟಿನ ಲೆಕ್ಕ

ಇಲ್ಲಿ ಬಿಸಿಲಿಗೆ ಬರವಿಲ್ಲ. ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇರೋದು ಸುಮ್ನೆ ಅಲ್ಲ. 500 ವಾಟ್-ಅವರ್‌ನ ಪೋರ್ಟಬಲ್ ಪವರ್ ಸ್ಟೇಷನ್ ತಗೊಂಡ್ರೆ ಲೆಕ್ಕ ಹೀಗೆ: 15 ವಾಟಿನ ಫ್ಯಾನ್ 8 ಗಂಟೆಗೆ 120, ಎಲ್‌ಇಡಿ ದೀಪಕ್ಕೆ 25, ಎರಡು ಫೋನಿಗೆ 30, ಲ್ಯಾಪ್‌ಟಾಪಿಗೆ 60. ಒಟ್ಟು 235, ನಷ್ಟ ಸೇರಿಸಿದ್ರೆ ದಿನಕ್ಕೆ ಸುಮಾರು 275. ಅಂದ್ರೆ ಎರಡು ರಾತ್ರಿ ಹತ್ರಹತ್ರ ಸಾಲುತ್ತೆ. 100 ವಾಟಿನ ಮಡಚುವ ಸೋಲಾರ್ ಪ್ಯಾನೆಲ್ ಇದ್ರೆ ಒಳ್ಳೇ ಬಿಸಿಲಲ್ಲಿ ದಿನಕ್ಕೆ 350 ವಾಪಸ್ ಬರುತ್ತೆ.

ಎಲ್ಲ ಕೆಡಿಸೋದು ಫ್ರಿಜ್. 45 ವಾಟಿನ ಕಾರ್ ಫ್ರಿಜ್ ಅರ್ಧ ಹೊತ್ತು ಓಡಿದ್ರೂ ದಿನಕ್ಕೆ 540 ವಾಟ್-ಅವರ್ ತಿನ್ನುತ್ತೆ. ಅದರ ಬದಲು ಸಜ್ಜೆಯ ಒಣರೊಟ್ಟಿ, ಶೇಂಗಾ ಚಟ್ನಿಪುಡಿ, ಈರುಳ್ಳಿ, ಬೆಲ್ಲ ಇಟ್ಕೊಳ್ಳಿ. ಈ ಸೀಮೆಯ ಬುತ್ತಿ ಇರೋದೇ ಬಿಸಿಲಿಗೆ ಕೆಡದ ಹಾಗೆ. ಇನ್ನೊಂದು ಮಾತು: ಪವರ್ ಸ್ಟೇಷನ್ನು, ಗ್ಯಾಸ್ ಡಬ್ಬಿ ಎರಡನ್ನೂ ಬಿಸಿಲಲ್ಲಿ ನಿಂತ ಮುಚ್ಚಿದ ಕಾರಲ್ಲಿ ಬಿಡ್ಬೇಡಿ.

ಮುಳ್ಳು, ಮಣ್ಣು, ಗಾಳಿ

ಚಳ್ಳಕೆರೆ ತಾಲ್ಲೂಕಿನ ಕ್ಯಾತೇದೇವರ ಜಾತ್ರೆಯಲ್ಲಿ ಕಾಡುಗೊಲ್ಲರು ಮುಳ್ಳಿನಲ್ಲೇ ಗುಡಿ ಕಟ್ಟಿ, ಬರಿಗಾಲಲ್ಲಿ ಹತ್ತಿ ಕಳಶ ಇಳಿಸ್ತಾರೆ. ಮುಳ್ಳು ಈ ನೆಲದ ಗುಣ. ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿ ದಾಟುತ್ತೆ, ಟೈರಿಗೂ ಇಳಿಯುತ್ತೆ. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, 12 ವೋಲ್ಟಿನ ಗಾಳಿ ಪಂಪ್, ಗಾಳಿ ತುಂಬಿದ ಸ್ಟೆಪ್ನಿ ಮೂರೂ ಇರಲೇಬೇಕು. ಗಾಳಿ ತುಂಬೋ ಹಾಸಿಗೆ ನೆಲಕ್ಕೆ ಬೇಡ. ದಪ್ಪ ಟಾರ್ಪಾಲು, ಮೇಲೆ ಚಾಪೆ ಸಾಕು.

ನಿಲ್ಲಿಸುವಾಗ ಮಣ್ಣಿನ ಬಣ್ಣ ನೋಡಿ. ಕೆಂಪು ಗರಸು ನೆಲ ಮಳೆ ಬಂದ್ರೂ ಹಿಡಿಯುತ್ತೆ. ಕಪ್ಪು ಎರೆಮಣ್ಣು ಒಂದು ಹದ ಮಳೆಗೆ ಅಂಟಾಗಿ ಚಕ್ರ ನುಂಗುತ್ತೆ. ಎರಡು ಗೋಣಿಚೀಲ, ಒಂದು ಸಣ್ಣ ಸಲಿಕೆ ಡಿಕ್ಕಿಯಲ್ಲಿದ್ರೆ ದುಬಾರಿ ರಿಕವರಿ ಬೋರ್ಡಿನ ಅರ್ಧ ಕೆಲಸ ಆಗುತ್ತೆ.

ಇನ್ನು ಗಾಳಿ. ಒಂದು ಜನವರಿ ಸಂಜೆ ಮೊಳಕಾಲ್ಮುರು ಕಡೆಯ ಹೊಲವೊಂದರಲ್ಲಿ ಒಲೆ ಹಚ್ಚೋಕೆ ಕೂತಿದ್ದಾಗ ಪಕ್ಕದಲ್ಲಿ ಮಂದೆ ಹಾಕಿದ್ದ ಕುರಿಗಾಹಿ ಅಜ್ಜ ಬಂದ್ರು. ಸ್ವಲ್ಪ ಹೊತ್ತು ನೋಡಿ, ‘ಏನ್ಸಾಮಿ, ಮನೆ ಮಠ ಇಲ್ವಾ?’ ಅಂತ ನಕ್ಕರು. ಆಮೇಲೆ, ‘ಗಾಳಿ ಮೂಡ್ಲಿಂದ ಬತ್ತೈತೆ. ಗಾಡಿ ಅಡ್ಡ ನಿಲ್ಸು, ಮರೆ ಆಯ್ತದೆ’ ಅಂದ್ರು. ಆವತ್ತಿಂದ ಕಾರೇ ನನ್ನ ಗಾಳಿಗೋಡೆ. ಗ್ಯಾಸ್ ಒಲೆಗೆ ಸುತ್ತ ತಗಡಿನ ಮರೆ ಕಟ್ಟೋರು ಒಂದು ನೆನಪಿಡಿ: ಡಬ್ಬಿ ಒಲೆಯ ಬುಡದಲ್ಲೇ ಇದ್ರೆ ಮರೆ ಪೂರ್ತಿ ಮುಚ್ಚಬಾರದು. ಡಬ್ಬಿ ಕಾದು ಸಿಡಿಯಬಹುದು. ಕ್ಯಾಂಪ್‌ಫೈರ್ ಅಂತೂ ಬೇಡವೇ ಬೇಡ. ಡಿಸೆಂಬರ್ ಕಳೆದ್ರೆ ಹುಲ್ಲು ಒಣಗಿರುತ್ತೆ. ಒಂದು ಕಿಡಿ ಹಾರಿದ್ರೆ ಸುಡೋದು ಯಾರದೋ ದನಕರುಗಳ ಬೇಸಿಗೆಯ ಮೇವು.

ರಾತ್ರಿಯ ಜೀವ

ಎಲ್ಲಕ್ಕಿಂತ ಮುಖ್ಯವಾದ ಗ್ಯಾಜೆಟ್ ನಿಮ್ಮ ಅಂಗೈಯಷ್ಟೇ ಇರುತ್ತೆ: ಕಾರ್ಬನ್ ಮೋನಾಕ್ಸೈಡ್ ಅಲಾರಂ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತಿದ್ದು ಇದೇ ವಿಷಗಾಳಿಯಿಂದ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲಿದ್ದೋರಿಗೆ ಗೊತ್ತೇ ಆಗಲ್ಲ. ಎಂಜಿನ್ ಓಡಿಸಿ ಎಸಿ ಹಾಕಿ ಮಲಗಬೇಡಿ, ಕಾರೊಳಗೆ ಒಲೆ, ಕೆಂಡ ಇಡಬೇಡಿ. ಎರಡು ಕಡೆಯ ಕಿಟಕಿ ಎರಡೆರಡು ಇಂಚು ಇಳಿಸಿ, ಅಯಸ್ಕಾಂತ ಹಚ್ಚಿದ ಸೊಳ್ಳೆಪರದೆ ಹಾಕಿ.

ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಗುಡ್ಡದ ಬುಡ ಬಿಟ್ಟು ಊರಿಗೆ ಹತ್ತಿರ ನಿಲ್ಲಿ. ಉಳಿದ ಊಟ, ಹಣ್ಣಿನ ಸಿಪ್ಪೆ ಹೊರಗೆ ಬಿಡ್ಬೇಡಿ. ರಾತ್ರಿ ಇಳಿಯುವಾಗ ತಲೆಗೆ ಕಟ್ಟೋ ಟಾರ್ಚು, ಕಾಲಿಗೆ ಬೂಟು; ಬೂಟು ಕೊಡವಿಯೇ ಹಾಕಿ. ಹಾವು ಕಚ್ಚಿದ್ರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು ಬೇಡ. ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ. ಚಳ್ಳಕೆರೆ, ಮೊಳಕಾಲ್ಮುರು ಎರಡು ಕಡೆಯೂ ತಾಲ್ಲೂಕು ಆಸ್ಪತ್ರೆ ಇದೆ. ಕಾರು ನಿಲ್ಲಿಸಿದ ಕೂಡಲೇ ಸಿಗ್ನಲ್ ಇದ್ಯಾ ನೋಡಿ, ಲೊಕೇಶನ್ ಮನೆಗೆ ಕಳಿಸಿ.

ಚಳಿಗೆ ಸ್ಲೀಪಿಂಗ್ ಬ್ಯಾಗ್ ಹುಡುಕೋ ಮೊದಲು ಚಳ್ಳಕೆರೆಯಲ್ಲಿ ಕಂಬಳಿ ಕೊಳ್ಳಿ. ಕುರಿ ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ನೇಯ್ದ ಒರಟು ಕಂಬಳಿ. ಹಾಸಬಹುದು, ಹೊದೆಯಬಹುದು, ಮಳೆ ಬಂದ್ರೆ ಕೊಪ್ಪೆ ಹಾಕ್ಕೊಳ್ಳಬಹುದು. ಕಿಡಿ ಬಿದ್ರೂ ನೈಲಾನ್ ಹಾಗೆ ಕರಗಿ ಮೈಗೆ ಅಂಟಲ್ಲ. ಮೊದಲೆರಡು ದಿನ ಚುಚ್ಚುತ್ತೆ, ಒಳಗೊಂದು ಹತ್ತಿ ದುಪ್ಪಟಿ ಇರಲಿ.

ಹಗಲಲ್ಲಿ ಏನು ನೋಡೋದು?

ಮೊಳಕಾಲ್ಮುರು ತಾಲ್ಲೂಕಿನಲ್ಲೇ ಅಶೋಕನ ಮೂರು ಶಾಸನಗಳಿವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು; 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದರು. ನಮ್ಮಂಥ ತಿರುಗಾಡಿಗಳಿಗೆ ಇಷ್ಟವಾಗೋ ಸಂಗತಿ ಶಾಸನದೊಳಗಿದೆ. ಅದರಲ್ಲಿ 256 ಅನ್ನೋ ಅಂಕಿ ಬರುತ್ತೆ. ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಅಂತ ಅನೇಕ ವಿದ್ವಾಂಸರು ಅದನ್ನು ಅರ್ಥೈಸುತ್ತಾರೆ. ತಂದೆತಾಯಿಗೆ ವಿಧೇಯರಾಗಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ ಅಂತಲೂ ಅಲ್ಲೇ ಬರೆದಿದೆ. ಇವು ಸಂರಕ್ಷಿತ ಸ್ಮಾರಕಗಳು, ಹಗಲು ನೋಡಿ ಬನ್ನಿ, ಅಲ್ಲಿ ಬೀಡು ಬಿಡ್ಬೇಡಿ. ಜಟಾಯು ಬಿದ್ದ ಜಾಗ ಅನ್ನೋ ನಂಬಿಕೆಯ ಜಟಿಂಗ ರಾಮೇಶ್ವರ ಬೆಟ್ಟವನ್ನು ಬಿಸಿಲೇರೋ ಮೊದಲು ಹತ್ತಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೊಳಕಾಲ್ಮುರು ರೇಷ್ಮೆ ಸೀರೆಯನ್ನು ಮಗ್ಗದ ಮನೆಯಲ್ಲೇ ನೋಡಿ ಕೊಳ್ಳಬಹುದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಗುಡಿಯೂ ಇದೇ ಸುತ್ತಿನಲ್ಲಿ ಬರುತ್ತೆ.

ಬಿಟ್ಟು ಬರೋದು ಏನು?

ಈ ಸೀಮೆಯಲ್ಲಿ ಬೀಡು ಬಿಟ್ಟು ಬದುಕೋದು ಹೊಸ ಫ್ಯಾಷನ್ ಏನಲ್ಲ. ದೇವರ ಎತ್ತುಗಳನ್ನು ಕಾಯೋ ಮ್ಯಾಸನಾಯಕರ ಕಿಲಾರಿಗಳು, ಮಂದೆ ಹೊಡ್ಕೊಂಡು ಹೋಗೋ ಕುರಿಗಾಹಿಗಳು ತಲೆಮಾರಿನಿಂದ ಬಯಲಲ್ಲೇ ಮಲಗಿ ಎದ್ದವರು. ಕುರಿ ಮಂದೆ ತಂಗಿದ ಹೊಲಕ್ಕೆ ಗೊಬ್ಬರ ಬೀಳುತ್ತೆ ಅಂತ ರೈತರೇ ಕರೆದು, ಕಾಳೋ ಕಾಸೋ ಕೊಟ್ಟು ಮಂದೆ ನಿಲ್ಲಿಸಿಕೊಳ್ತಾರೆ. ಅಂದ್ರೆ ಅವರು ಎದ್ದು ಹೋದ ಮೇಲೆ ಹೊಲ ಮೊದಲಿಗಿಂತ ಚೆನ್ನಾಗಿರುತ್ತೆ.

ನಮ್ಮ ಕಾರಿಂದ ಗೊಬ್ಬರ ಬೀಳಲ್ಲ, ಹಾಗಾಗಿ ಕನಿಷ್ಠ ಲೆಕ್ಕ ಸರಿ ಮಾಡೋಣ. ಕಸಕ್ಕೆ ಗಟ್ಟಿ ಚೀಲ ಇಟ್ಟು ಪಟ್ಟಣದವರೆಗೂ ವಾಪಸ್ ತನ್ನಿ. ಪ್ಲಾಸ್ಟಿಕ್ ಕವರ್ ದನದ ಹೊಟ್ಟೆ ಸೇರುತ್ತೆ. ಮಡಚುವ ಕಮೋಡ್ ಇದ್ರೆ ಒಳ್ಳೇದು, ಇಲ್ಲದಿದ್ರೆ ನೀರಿನ ಮೂಲದಿಂದ 60 ಮೀಟರ್ ದೂರದಲ್ಲಿ ಅರ್ಧ ಅಡಿ ಗುಂಡಿ ತೆಗೆದು ಮುಚ್ಚಿ. ಹಾಲು, ತರಕಾರಿ, ಶೇಂಗಾ ಎಲ್ಲ ಆ ಊರಲ್ಲೇ ಕೊಳ್ಳಿ. ಬೆಳಿಗ್ಗೆ ಹೊರಡುವಾಗ ಹೊಲದ ಯಜಮಾನರಿಗೆ ಹೇಳಿ ಹೊರಡಿ. ಮುಂದಿನ ಸಲ ನೀವೋ, ನಿಮ್ಮಂಥ ಇನ್ನೊಬ್ಬರೋ ಕೇಳಿದಾಗ ‘ನಿಲ್ಸ್ಕೊಳ್ಳಿ ಬಿಡಿ’ ಅಂತ ಅವರು ಅನ್ನಬೇಕಲ್ಲ.